ಹೆಡ್ ಗ್ಯಾಸ್ಕೆಟ್ ದೋಷ ಪತ್ತೆ

ಹೆಡ್ ಗ್ಯಾಸ್ಕೆಟ್ ಎಂಬುದು ಎಂಜಿನ್‌ನ ಸಿಲಿಂಡರ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್‌ಗಳ ನಡುವಿನ, ಸೋರಿಕೆ ತಡೆಯುವ ತೆಳುವಾದ ಪದರ. ದಹನ ಅನಿಲ, ಕೂಲೆಂಟ್ ಮತ್ತು ಎಂಜಿನ್ ಆಯಿಲ್ ಒಂದರೊಡನೊಂದು ಬೆರೆಯದಂತೆ ಇದು ತಡೆಯುತ್ತದೆ. ಟರ್ಬೊಚಾರ್ಜರ್ ಉಳ್ಳ ಕಾರುಗಳಲ್ಲಿ ಇದರ ವೈಫಲ್ಯದ ಲಕ್ಷಣಗಳು ಬೇರೆ ಭಾಗಗಳ ದೋಷಗಳನ್ನೂ ಹೋಲುತ್ತವೆ. ಆದ್ದರಿಂದ ಹೆಡ್ ಬಿಚ್ಚುವ ಮೊದಲು ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಅಗತ್ಯ.

ಕಾರಣಗಳು

ವೈಫಲ್ಯಕ್ಕೆ ಮುಖ್ಯ ಕಾರಣ ಎಂಜಿನ್ ಅತಿಯಾಗಿ ಬಿಸಿಯಾಗುವುದು. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಕಬ್ಬಿಣದ ಬ್ಲಾಕ್ ಮೇಲಿನ ಅಲ್ಯೂಮಿನಿಯಂ ಹೆಡ್ ಬಾಗುವ ಸಾಧ್ಯತೆ ಇರುತ್ತದೆ. ಟರ್ಬೊಚಾರ್ಜರ್ ಹೆಚ್ಚು ಗಾಳಿಯನ್ನು ತುಂಬುವುದರಿಂದ ಸಿಲಿಂಡರ್‌ನೊಳಗಿನ ಒತ್ತಡ ಏರಿ, ಗ್ಯಾಸ್ಕೆಟ್ ಮೇಲಿನ ಭಾರವೂ ಹೆಚ್ಚುತ್ತದೆ.

ಕೂಲೆಂಟ್ ಬದಲು ಬರಿಯ ನೀರು ತುಂಬುವುದು ಇನ್ನೊಂದು ಕಾರಣ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ಆಂಡರ್ಸನ್‌ಪೇಟೆ, ಬಂಗಾರಪೇಟೆಯಂತಹ ಊರುಗಳು ಕೊಳವೆಬಾವಿಗಳನ್ನು ಬಹಳವಾಗಿ ಅವಲಂಬಿಸಿವೆ. ಗಡಸಾದ ಕೊಳವೆಬಾವಿ ನೀರು ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪದರವನ್ನು ಕಟ್ಟಿ, ಶಾಖ ಹೊರಹೋಗುವುದನ್ನು ತಡೆಯುತ್ತದೆ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಈ ಪ್ರದೇಶದಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಒತ್ತಡ ಹಿಡಿಯದ ಹಳೆಯ ಮುಚ್ಚಳವಿದ್ದರೆ ಎಂಜಿನ್ ಬೇಗ ಕುದಿಯುತ್ತದೆ.

ಲಕ್ಷಣಗಳು

ಹೊರಗೆ ಸೋರಿಕೆ ಕಾಣದಿದ್ದರೂ ಕೂಲೆಂಟ್ ಕಡಿಮೆಯಾಗುವುದು, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಟ್ಯಾಂಕಿನಲ್ಲಿ ನಿರಂತರ ಗುಳ್ಳೆ, ತಣ್ಣನೆಯ ಎಂಜಿನ್ ಚಾಲೂ ಆದ ಸ್ವಲ್ಪ ಹೊತ್ತಿಗೇ ರೇಡಿಯೇಟರ್ ಹೋಸ್ ಗಟ್ಟಿಯಾಗುವುದು ಮತ್ತು ಹಾಲು ಬೆರೆತಂತೆ ಕಾಣುವ ಆಯಿಲ್ ಸಾಮಾನ್ಯ ಲಕ್ಷಣಗಳು. ಆದರೆ ಇ.ಜಿ.ಆರ್. ಕೂಲರ್ ಒಡೆದರೂ ಬಿಳಿ ಹೊಗೆ ಬರುತ್ತದೆ; ಆಯಿಲ್ ಕೂಲರ್ ಸೋರಿದರೂ ಆಯಿಲ್ ಮತ್ತು ಕೂಲೆಂಟ್ ಬೆರೆಯುತ್ತವೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಸೂಚನೆ. ಅದಕ್ಕೆ ಟರ್ಬೊ ಸೀಲ್, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕಾರಣವಾಗಿರಬಹುದು.

ಪರೀಕ್ಷೆಗಳು

ಒತ್ತಡ ಪರೀಕ್ಷೆ: ತಣ್ಣಗಿನ ಎಂಜಿನ್‌ನ ಕೂಲಿಂಗ್ ವ್ಯವಸ್ಥೆಗೆ ಮುಚ್ಚಳದ ಮೇಲೆ ನಮೂದಿಸಿದಷ್ಟು ಒತ್ತಡ ನೀಡಿ, ಅದು ಇಳಿಯುವುದೇ ಎಂದು ನೋಡಲಾಗುತ್ತದೆ.

ರಾಸಾಯನಿಕ ಪರೀಕ್ಷೆ: ಕೂಲೆಂಟ್ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸಲಾಗುತ್ತದೆ. ದಹನ ಅನಿಲದ ಕಾರ್ಬನ್ ಡೈಆಕ್ಸೈಡ್ ಇದ್ದರೆ ದ್ರವ ಹಳದಿಯಾಗುತ್ತದೆ.

ಕಂಪ್ರೆಷನ್ ಪರೀಕ್ಷೆ: ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಮಾತ್ರ ಒತ್ತಡ ಕಡಿಮೆಯಿದ್ದರೆ, ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು.

ಲೀಕ್‌ಡೌನ್ ಪರೀಕ್ಷೆ: ವಾಲ್ವ್‌ಗಳು ಮುಚ್ಚಿದ ಸ್ಥಿತಿಯಲ್ಲಿ ಸಿಲಿಂಡರ್‌ಗೆ ಗಾಳಿ ತುಂಬಲಾಗುತ್ತದೆ. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ದೋಷ ಅಥವಾ ಬಿರುಕು, ಆಯಿಲ್ ತುಂಬುವ ಬಾಯಿಯಲ್ಲಿ ಗಾಳಿ ಬಂದರೆ ರಿಂಗ್ ಅಥವಾ ಪಿಸ್ಟನ್ ದೋಷ, ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್ ದೋಷ ಎಂದು ಊಹಿಸಲಾಗುತ್ತದೆ.

ದುರಸ್ತಿ

ದೋಷ ಖಚಿತವಾದ ಮೇಲೆ ಹೆಡ್ ಬಿಚ್ಚಿ, ಅದರ ಸಮತಟ್ಟನ್ನು ನೇರ ಪಟ್ಟಿ ಮತ್ತು ಫೀಲರ್ ಗೇಜ್‌ನಿಂದ ಅಳೆಯಲಾಗುತ್ತದೆ. ಬಾಗಿದ ಹೆಡ್ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಬೇಗ ಕೆಡುತ್ತದೆ. ಒಮ್ಮೆ ಮಾತ್ರ ಬಳಸಬೇಕಾದ ಬೋಲ್ಟ್‌ಗಳನ್ನು ಬದಲಿಸಿ, ತಯಾರಕರು ಸೂಚಿಸಿದ ಕ್ರಮ ಮತ್ತು ಟಾರ್ಕ್‌ನಲ್ಲಿ ಬಿಗಿಗೊಳಿಸಬೇಕು. ಎಂಜಿನ್ ಬಿಸಿಯಾಗಲು ಕಾರಣವಾದ ಥರ್ಮೋಸ್ಟಾಟ್, ಫ್ಯಾನ್ ಅಥವಾ ರೇಡಿಯೇಟರ್ ದೋಷವನ್ನು ಸರಿಪಡಿಸದಿದ್ದರೆ ದುರಸ್ತಿ ಬಾಳದು.

ಸುರಕ್ಷತೆ

ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ತೆರೆದರೆ ಕುದಿಯುವ ನೀರು ಚಿಮ್ಮಿ ತೀವ್ರ ಸುಟ್ಟಗಾಯಗಳಾಗಬಹುದು. ಬಿಸಿಯ ಸೂಚನೆ ಬಂದ ಕೂಡಲೇ ವಾಹನ ನಿಲ್ಲಿಸುವುದು ಹೆಡ್ ಬಾಗುವುದನ್ನು ತಪ್ಪಿಸಬಲ್ಲದು.