ಬಡತನದ ಲಕ್ಷಣವೂ ನಿವಾರಣೆಯೂ

ನೀರಾವರಿಯುಳ್ಳ ಸೀಮೆಯಲ್ಲಿ ಬಡತನವಿಲ್ಲವೆಂದೂ, ಮಳೆ ಕಡಿಮೆಯಾದ ಸೀಮೆಯಲ್ಲಿ ಮಾತ್ರ ಅದಿರುವುದೆಂದೂ ಅನೇಕರು ಭಾವಿಸುವುದುಂಟು. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ನೋಡಿದರೆ ಈ ಭಾವನೆಯು ಸರಿಯಲ್ಲವೆಂದು ತಿಳಿಯುವುದು. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರೂ ಭದ್ರಾ ನಾಲೆಯೂ ಅಡಕೆಯ ತೋಟಗಳೂ ಉಂಟು. ಹೊನ್ನಾಳಿ, ನ್ಯಾಮತಿಗಳ ಸೀಮೆಯಲ್ಲಿ ತುಂಗಭದ್ರೆಯು ಹರಿಯುವಳು. ಜಗಳೂರು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಖುಷ್ಕಿ ಸೀಮೆ. ಆದಾಗ್ಯೂ ೨೦೦೨ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೩೫ ಸೂಚಕಗಳಿಂದ ಅಳೆದು ರಾಜ್ಯದ ೧೧೪ ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ, ಚನ್ನಗಿರಿ, ಹೊನ್ನಾಳಿ, ಜಗಳೂರು ಈ ಮೂರೂ ಆ ಪಟ್ಟಿಯಲ್ಲಿದ್ದುವು. ನ್ಯಾಮತಿಯು ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದಿತು.

ಹಾಗಾದರೆ ಬಡತನವನ್ನು ಅಳೆಯುವುದು ಹೇಗೆ? ೧೯೭೯ರಲ್ಲಿ ಹಳ್ಳಿಯ ಒಬ್ಬನಿಗೆ ದಿನಕ್ಕೆ ೨೪೦೦ ಕ್ಯಾಲೊರಿಯಷ್ಟು ಆಹಾರವೆಂಬುದು ಅಳತೆಗೆ ಆಧಾರವಾಯಿತು. ತೆಂಡೂಲ್ಕರ್ ಸಮಿತಿಯ ವಿಧಾನದಂತೆ ೨೦೧೧-೧೨ನೆಯ ಸಾಲಿನಲ್ಲಿ ದೇಶದ ಹಳ್ಳಿಗಳಿಗೆ ತಲೆಗೆ ತಿಂಗಳಿಗೆ ೮೧೬ ರೂಪಾಯಿಯ ವೆಚ್ಚವು ಬಡತನದ ರೇಖೆಯೆನಿಸಿತು. ೨೦೨೧ರಲ್ಲಿ ನೀತಿ ಆಯೋಗವು ಆರೋಗ್ಯ, ವಿದ್ಯೆ, ಜೀವನಮಟ್ಟಗಳನ್ನು ಕೂಡಿಸಿ ಅಳೆದ ಸೂಚ್ಯಂಕವನ್ನು ಪ್ರಕಟಿಸಿತು. ಈ ಅಳತೆಗಳು ಇಂದು ಯಾರು ಬಡವರೆಂಬುದನ್ನು ತಿಳಿಸುವುವು. ನಾಳೆ ಯಾರು ಬಡವರಾಗುವರೆಂಬುದನ್ನು ಊರಿನವರೇ ಅರಿಯಬೇಕು.

ಮಳೆ ಕೈಕೊಟ್ಟ ವರ್ಷ ಸಣ್ಣ ಹಿಡುವಳಿದಾರನು ಮೊದಲು ಎತ್ತುಗಳನ್ನು ಮಾರುವನು. ಬಳಿಕ ಬಿತ್ತನೆಯ ಕಾಳನ್ನೇ ಉಣ್ಣುವನು. ಕೊನೆಗೆ ಸಾಲಕ್ಕಾಗಿ ಹೊಲವನ್ನು ಒತ್ತೆಯಿಡುವನು. ಮರುವರ್ಷ ಹದವಾದ ಮಳೆ ಬಂದರೂ ಉಳಲು ಎತ್ತಿಲ್ಲ, ಬಿತ್ತಲು ಬೀಜವಿಲ್ಲ. ಆದುದರಿಂದ ಒಂದು ಬೆಳೆನಾಶವನ್ನಾಗಲಿ ಒಂದು ದೀರ್ಘ ಕಾಯಿಲೆಯನ್ನಾಗಲಿ ಜೀವನಾಧಾರವನ್ನು ಮಾರದೆ ತಾಳಲಾರದ ಮನೆಯೇ ಬಡವರ ಮನೆಯೆಂದು ತಿಳಿಯತಕ್ಕದ್ದು.

ಇದಕ್ಕೆ ಪರಿಹಾರವು ಎರಡು ಬಗೆ. ಮೊದಲನೆಯದಾಗಿ, ಹೊಲವು ಒಂದೇ ಬೆಳೆಯನ್ನು ನೆಚ್ಚಿರಬಾರದು. ಮುಸುಕಿನ ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು, ಇಳಿಜಾರಿಗೆ ಅಡ್ಡವಾಗಿ ಬದು, ಕೃಷಿಹೊಂಡ, ಮನೆಯಲ್ಲಿ ಒಂದೆರಡು ಹಸು ಅಥವಾ ಕುರಿ, ಇವುಗಳಿಂದ ಒಂದು ಕೆಟ್ಟರೂ ಇನ್ನೊಂದು ಉಳಿಯುವುದು. ಬೆಳೆವಿಮೆಯನ್ನು ಗೊತ್ತಾದ ದಿನದೊಳಗೆ ಮಾಡಿಸುವುದೂ ಆವಶ್ಯಕ.

ಎರಡನೆಯದು ಭೂಮಿಯಿಲ್ಲದವರ ವಿಚಾರ. ಬೆಳೆನಷ್ಟದ ಪರಿಹಾರವು ಪಹಣಿಯಲ್ಲಿ ಹೆಸರುಳ್ಳವರಿಗೆ ಸಲ್ಲುವುದೇ ಹೊರತು, ಅದೇ ಹೊಲದಲ್ಲಿ ಕೂಲಿಯನ್ನು ಕಳೆದುಕೊಂಡವನಿಗೆ ಸಲ್ಲದು. ಅಡಕೆಯ ಸೀಮೆಯಲ್ಲಿಯೂ ಕೊಯ್ಲು ಮುಗಿದ ಮೇಲೆ ಕೂಲಿ ವಿರಳವೇ. ಜಮೀನುದಾರರು ಬದು, ಹೊಂಡ, ಕಾಲುವೆಗಳ ದುರಸ್ತಿಯನ್ನು ಬೇಸಗೆಗೇ ಇಟ್ಟುಕೊಂಡು ಕೂಲಿಯನ್ನು ಕಾಲಕ್ಕೆ ಸರಿಯಾಗಿ ಕೊಟ್ಟರೆ, ಅವರ ನೆಲಕ್ಕೆ ನೀರು ನಿಲ್ಲುವುದು, ಕೂಲಿಗಾರನ ಮನೆಯಲ್ಲಿ ಒಲೆ ಉರಿಯುವುದು. ಗ್ರಾಮದ ಮುಖಂಡರು ಇಂತಹ ಮನೆಗಳ ಹೆಸರನ್ನು ಗ್ರಾಮಸಭೆಯ ಮುಂದೆ ತಪ್ಪದೆ ಇಡತಕ್ಕದ್ದು. ಊರಿನ ಏಳಿಗೆಯನ್ನು ಅತಿ ದೊಡ್ಡ ತೋಟದಿಂದಲ್ಲ, ಅತಿ ಸಣ್ಣ ಮನೆಯಿಂದ ಅಳೆಯಬೇಕು.