ಏರ್ ರೈಫಲ್ ಶೂಟಿಂಗ್ ಸಲಕರಣೆಗಳ ಆಯ್ಕೆ

ಏರ್ ರೈಫಲ್ ಶೂಟಿಂಗ್ ಎಂಬುದು ಸಿಡಿಮದ್ದಿನ ಬದಲು ಒತ್ತಡದಲ್ಲಿರುವ ಗಾಳಿಯ ಬಲದಿಂದ ಸಣ್ಣ ಗುಂಡನ್ನು (ಪೆಲೆಟ್) ಹಾರಿಸಿ ಗುರಿ ಹೊಡೆಯುವ ಕ್ರೀಡೆ. ಎಳೆಯ ವಯಸ್ಸಿನಲ್ಲಿ ಇದನ್ನು ಕಲಿತು, ಓದು ಅಥವಾ ಉದ್ಯೋಗದ ಕಾರಣದಿಂದ ಬಿಟ್ಟು, ಹಲವು ವರ್ಷಗಳ ನಂತರ ಮತ್ತೆ ಆರಂಭಿಸುವವರು ಇದ್ದಾರೆ. ಅಂಥವರಿಗೆ ಸಲಕರಣೆಗಳ ಆಯ್ಕೆ ಹೊಸಬರ ಆಯ್ಕೆಗಿಂತ ಭಿನ್ನವಾದುದು. ನಡುವಿನ ಅವಧಿಯಲ್ಲಿ ಶೂಟರ್‌ನ ದೇಹ ಮತ್ತು ದೃಷ್ಟಿ, ಸ್ಪರ್ಧೆಯ ನಿಯಮಗಳು, ಹಳೆಯ ರೈಫಲ್‌ನ ಸ್ಥಿತಿ ಎಲ್ಲವೂ ಬದಲಾಗಿರುತ್ತವೆ.

ಕ್ರೀಡೆಯ ಸ್ವರೂಪ

ಪ್ರಮುಖ ಸ್ಪರ್ಧೆಯಾದ 10 ಮೀಟರ್ ಏರ್ ರೈಫಲ್ ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮಗಳಂತೆ ನಡೆಯುತ್ತದೆ. ಗುರಿಫಲಕದ ಹೊರವೃತ್ತದ ವ್ಯಾಸ 45.5 ಮಿ.ಮೀ.; ನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಪೆಲೆಟ್ ಈ ಚುಕ್ಕೆಯನ್ನು ಮುಟ್ಟಿದರೂ ಹತ್ತು ಅಂಕ ದೊರೆಯುತ್ತದೆ. ಅರ್ಹತಾ ಸುತ್ತಿನ ಅಂಕಗಳನ್ನು ದಶಾಂಶದಲ್ಲಿ ಎಣಿಸುವುದರಿಂದ ಒಂದು ಹೊಡೆತದ ಗರಿಷ್ಠ ಅಂಕ 10.9. ಮಹಿಳೆಯರ ಸ್ಪರ್ಧೆಯಲ್ಲಿ ಮೊದಲು 40 ಹೊಡೆತಗಳಿದ್ದವು. 2018ರಿಂದ ಪುರುಷರಂತೆ ಅವರಿಗೂ 60 ಹೊಡೆತಗಳಿವೆ.

ಈ ಸ್ಪರ್ಧೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಇದರಲ್ಲಿ ಗೆದ್ದ ಚಿನ್ನದ ಪದಕ, ವೈಯಕ್ತಿಕ ವಿಭಾಗದಲ್ಲಿ ಭಾರತಕ್ಕೆ ದೊರೆತ ಮೊದಲ ಒಲಿಂಪಿಕ್ ಚಿನ್ನ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಗಗನ್ ನಾರಂಗ್ ಕಂಚಿನ ಪದಕ ಪಡೆದರು.

ರೈಫಲ್‌ನ ವಿಧಗಳು

ಗಾಳಿಗೆ ಒತ್ತಡ ನೀಡುವ ರೀತಿಯನ್ನು ಆಧರಿಸಿ ಏರ್ ರೈಫಲ್‌ಗಳಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ.

ಸ್ಪ್ರಿಂಗ್ ರೈಫಲ್: ನಳಿಗೆಯನ್ನು ಮಡಚಿ ಅಥವಾ ಸನ್ನೆಯನ್ನು ಎಳೆದು ಸ್ಪ್ರಿಂಗನ್ನು ಬಿಗಿಗೊಳಿಸಲಾಗುತ್ತದೆ. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳಿ ಗಾಳಿಯನ್ನು ಅದುಮುತ್ತದೆ. ಇದು ಸರಳ ಮತ್ತು ಅಗ್ಗ. ಬೇರೆ ಸಾಧನ ಬೇಕಾಗಿಲ್ಲ. ಆದರೆ ಪೆಲೆಟ್ ನಳಿಗೆಯಿಂದ ಹೊರಬೀಳುವ ಮೊದಲೇ ಪಿಸ್ಟನ್‌ನ ಚಲನೆ ರೈಫಲನ್ನು ಅಲುಗಿಸುವುದರಿಂದ, ಹಿಡಿತದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಗುರಿ ತಪ್ಪುತ್ತದೆ.

ಏಕಹೊಡೆತದ ನ್ಯೂಮ್ಯಾಟಿಕ್ ರೈಫಲ್: ಪ್ರತಿ ಹೊಡೆತಕ್ಕೂ ಸನ್ನೆಯನ್ನು ಒಮ್ಮೆ ಎಳೆದು ಗಾಳಿ ತುಂಬಬೇಕು. ಒದೆತ ಬಹಳ ಕಡಿಮೆ. 60 ಹೊಡೆತಗಳ ಸ್ಪರ್ಧೆಯಲ್ಲಿ ಸನ್ನೆ ಎಳೆಯುವುದು ತೋಳು ಮತ್ತು ಭುಜಕ್ಕೆ ದಣಿವುಂಟುಮಾಡುತ್ತದೆ.

ಪಿಸಿಪಿ ರೈಫಲ್: ಮೊದಲೇ ತುಂಬಿಟ್ಟ ಸಿಲಿಂಡರ್‌ನ ಗಾಳಿಯನ್ನು ಬಳಸುತ್ತದೆ. ಇಂದಿನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇದೇ ರೂಢಿಯಲ್ಲಿದೆ. ಸಿಲಿಂಡರ್‌ಗಳನ್ನು ಸಾಮಾನ್ಯವಾಗಿ 200 ಬಾರ್ ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡದವರೆಗೆ ತುಂಬಲಾಗುತ್ತದೆ. ಆದ್ದರಿಂದ ರೈಫಲ್‌ನ ಬೆಲೆಯೊಂದಿಗೆ ಕೈಪಂಪ್ ಅಥವಾ ಗಾಳಿ ತುಂಬುವ ವ್ಯವಸ್ಥೆಯ ವೆಚ್ಚವನ್ನೂ ಲೆಕ್ಕಹಾಕಬೇಕಾಗುತ್ತದೆ.

ಹಳೆಯ ರೈಫಲ್‌ನ ಪರೀಕ್ಷೆ

ಬಹುಕಾಲ ಬಳಸದೆ ಇಟ್ಟ ರೈಫಲನ್ನು ನೇರವಾಗಿ ಬಳಸುವುದು ಸುರಕ್ಷಿತವಲ್ಲ. ಮೊದಲಿಗೆ ಅದರಲ್ಲಿ ಪೆಲೆಟ್ ಉಳಿದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸ್ಪ್ರಿಂಗ್ ರೈಫಲ್‌ಗಳಲ್ಲಿ ಪಿಸ್ಟನ್‌ನ ಸೀಲ್ ಒಣಗಿ ಅಥವಾ ಪುಡಿಯಾಗಿ, ಪೆಲೆಟ್‌ನ ವೇಗ ಒಂದೊಂದು ಹೊಡೆತಕ್ಕೆ ಒಂದೊಂದು ರೀತಿಯಾಗಿರುತ್ತದೆ. ಇದನ್ನು ಸರಿಪಡಿಸಲು ಎಣ್ಣೆಯನ್ನು ಧಾರಾಳವಾಗಿ ಬಿಡುವುದು ಹಾನಿಕರ: ಗಾಳಿ ಅದುಮಲ್ಪಟ್ಟಾಗ ಉಂಟಾಗುವ ಶಾಖಕ್ಕೆ ಎಣ್ಣೆ ಹೊತ್ತಿಕೊಂಡು ಸೀಲ್ ಮತ್ತು ಸ್ಪ್ರಿಂಗ್ ಹಾಳಾಗುತ್ತವೆ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್‌ನ ಟ್ರಿಗರ್ ಒತ್ತಿದರೆ ಪಿಸ್ಟನ್ ತಡೆಯಿಲ್ಲದೆ ಅಪ್ಪಳಿಸುವುದರಿಂದ ಅದೂ ವರ್ಜ್ಯ. ತೇವಾಂಶ ಹೆಚ್ಚಿರುವ ಪ್ರದೇಶಗಳಲ್ಲಿ ನಳಿಗೆಯ ಒಳಗಿನ ತುಕ್ಕನ್ನೂ ಪರೀಕ್ಷಿಸಬೇಕು.

ಪಿಸಿಪಿ ರೈಫಲ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಸಿಲಿಂಡರ್. ತಯಾರಕರು ಅದಕ್ಕೆ ಬಳಕೆಯ ಅವಧಿಯನ್ನು ಗೊತ್ತುಪಡಿಸಿರುತ್ತಾರೆ. ಇದು ಬಹುಮಟ್ಟಿಗೆ 10 ವರ್ಷ. ಅವಧಿ ಮೀರಿದ ಸಿಲಿಂಡರನ್ನು ಬದಲಾಯಿಸುವ ಹೊಣೆ ಸ್ಪರ್ಧಿಯದ್ದೇ. ರೈಫಲ್ ಸುಸ್ಥಿತಿಯಲ್ಲಿ ಕಂಡರೂ ಹಳೆಯ ಸಿಲಿಂಡರ್‌ಗೆ ಗಾಳಿ ತುಂಬುವುದು ಪ್ರಾಣಾಪಾಯಕ್ಕೆ ಎಡೆಮಾಡಬಹುದು. ಸಿಲಿಂಡರ್‌ಗೆ ಒಣ ಗಾಳಿಯನ್ನು ಮಾತ್ರ ತುಂಬಬೇಕು. ಆಮ್ಲಜನಕವನ್ನು ತುಂಬಿದರೆ ಸ್ಫೋಟ ಸಂಭವಿಸಬಹುದು.

ದೇಹಕ್ಕೆ ಹೊಂದಾಣಿಕೆ

ಸ್ಪರ್ಧೆಯ ರೈಫಲ್‌ನ ಗರಿಷ್ಠ ತೂಕ 5.5 ಕಿ.ಗ್ರಾಂ. ನಿಂತು ಹೊಡೆಯುವಾಗ ಶೂಟರ್ ಎಡ ಮೊಣಕೈಯನ್ನು ಸೊಂಟದ ಮೇಲ್ಭಾಗಕ್ಕೆ ಆನಿಸಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ ತುಸು ತಿರುಚುತ್ತಾರೆ (ಎಡಗೈಯವರಲ್ಲಿ ಇದು ಅದಲುಬದಲು). ಈ ಭಂಗಿಯ ಭಾರ ಬೆನ್ನಿನ ಕೆಳಭಾಗದ ಮೇಲೆ ಬೀಳುತ್ತದೆ. ಬಹುಕಾಲದ ನಂತರ ಮರಳುವವರಿಗೆ ಹಗುರವಾದ ರೈಫಲ್ ಮತ್ತು ಕಡಿಮೆ ಹೊಡೆತಗಳಿಂದ ಆರಂಭಿಸುವುದು ಸೂಕ್ತ.

ಬಾಲ್ಯದಲ್ಲಿ ಹೊಂದುತ್ತಿದ್ದ ರೈಫಲ್‌ನ ಹಿಡಿ ಪ್ರಾಪ್ತ ವಯಸ್ಸಿನಲ್ಲಿ ಗಿಡ್ಡವಾಗುತ್ತದೆ. ಟ್ರಿಗರ್‌ನಿಂದ ಭುಜಪಟ್ಟಿಯವರೆಗಿನ ಉದ್ದ ಹಾಗೂ ಕೆನ್ನೆಪಟ್ಟಿಯ ಎತ್ತರವನ್ನು ಹೊಂದಿಸಿಕೊಳ್ಳಬಹುದಾದ ರೈಫಲ್ ಉತ್ತಮ. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೇರಿಸಿ, ಕಣ್ಣು ತೆರೆದಾಗ ಕತ್ತು ಚಾಚದೆಯೇ ಸೈಟ್‌ಗಳು ನೇರವಾಗಿ ಕಂಡರೆ ಅದು ದೇಹಕ್ಕೆ ಹೊಂದಿದೆ ಎಂದರ್ಥ.

ದೃಷ್ಟಿ

ಗುರಿಯಿಡುವಾಗ ಮುಂಬದಿಯ ಸೈಟ್ ಸ್ಪಷ್ಟವಾಗಿಯೂ ಗುರಿಫಲಕ ತುಸು ಮಸುಕಾಗಿಯೂ ಕಾಣಬೇಕು. ಸುಮಾರು 40 ವರ್ಷದ ನಂತರ ಕಣ್ಣಿನ ಮಸೂರ ಗಡುಸಾಗುವುದರಿಂದ ಮುಂಬದಿಯ ಸೈಟ್‌ನ ಮೇಲೆ ದೃಷ್ಟಿ ನಿಲ್ಲಿಸುವುದು ಕ್ರಮೇಣ ಕಷ್ಟವಾಗುತ್ತದೆ. ಹಿಂಬದಿಯ ಸೈಟ್‌ನ ಸಣ್ಣ ರಂಧ್ರ ಈ ತೊಂದರೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಉಳಿದದ್ದಕ್ಕೆ ನೇತ್ರತಜ್ಞರ ಸಲಹೆಯಂತೆ ಲೆನ್ಸ್ ಬಳಸಬಹುದು. ಶೂಟರ್ ಕನ್ನಡಕದ ಮೂಲೆಯ ಮೂಲಕ ನೋಡುವುದರಿಂದ, ಮೇಲಿಂದ ಕೆಳಕ್ಕೆ ಶಕ್ತಿ ಬದಲಾಗುವ ಪ್ರೋಗ್ರೆಸಿವ್ ಕನ್ನಡಕ ಇದಕ್ಕೆ ಒಗ್ಗುವುದಿಲ್ಲ. ಗುರಿ ಬಲಕ್ಕೂ ಎಡಕ್ಕೂ ಚದುರುತ್ತಿದ್ದರೆ ಹೊಸ ರೈಫಲ್ ಕೊಳ್ಳುವ ಮೊದಲು ಕಣ್ಣಿನ ತಪಾಸಣೆ ಮಾಡಿಸುವುದು ಲಾಭಕರ.

ಪೆಲೆಟ್ ಮತ್ತು ಉಡುಪು

ಸ್ಪರ್ಧೆಗಳಲ್ಲಿ 4.5 ಮಿ.ಮೀ. ವ್ಯಾಸದ, ಚಪ್ಪಟೆ ತಲೆಯ ಪೆಲೆಟ್‌ಗಳನ್ನು ಬಳಸಲಾಗುತ್ತದೆ. ಇವು ಕಾಗದದಲ್ಲಿ ಅಂಚು ಸ್ಪಷ್ಟವಾದ ರಂಧ್ರ ಮಾಡುತ್ತವೆ. ಒಂದೇ ಪೆಲೆಟ್ ಎಲ್ಲ ನಳಿಗೆಗಳಿಗೂ ಹೊಂದುವುದಿಲ್ಲ. ರೈಫಲನ್ನು ಆಸರೆಯ ಮೇಲಿಟ್ಟು ಕೆಲವು ಬಗೆಯ ಪೆಲೆಟ್‌ಗಳನ್ನು ಹೊಡೆದು, ಯಾವುದರ ರಂಧ್ರಗಳು ಅತಿ ಒತ್ತಾಗಿ ಬೀಳುತ್ತವೆಯೋ ಅದನ್ನು ಆರಿಸುವುದು ರೂಢಿ. ಪೆಲೆಟ್‌ಗಳು ಸಾಮಾನ್ಯವಾಗಿ ಸೀಸದವಾದ್ದರಿಂದ ಅಭ್ಯಾಸದ ನಂತರ ಕೈ ತೊಳೆಯುವುದು ಅವಶ್ಯ.

ಶೂಟಿಂಗ್ ಜಾಕೆಟ್, ಪ್ಯಾಂಟ್ ಮತ್ತು ಶೂಗಳ ದಪ್ಪ ಹಾಗೂ ಬಿರುಸುತನಕ್ಕೆ ನಿಯಮಗಳು ಮಿತಿ ವಿಧಿಸಿವೆ. ಈ ನಿಯಮಗಳು ಕಾಲಕಾಲಕ್ಕೆ ಬಿಗಿಯಾಗಿರುವುದರಿಂದ ಹಳೆಯ ಜಾಕೆಟ್ ಇಂದಿನ ತಪಾಸಣೆಯಲ್ಲಿ ತಿರಸ್ಕೃತವಾಗಬಹುದು.

ಕಾನೂನು ಮತ್ತು ಸುರಕ್ಷತೆ

ಭಾರತದಲ್ಲಿ ಏರ್ ರೈಫಲ್‌ಗಳು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ನಳಿಗೆಯ ವ್ಯಾಸ 0.177 ಅಂಗುಲವನ್ನೂ (4.5 ಮಿ.ಮೀ.) ಶಕ್ತಿ 20 ಜೂಲ್‌ಗಳನ್ನೂ ಮೀರದ ರೈಫಲ್‌ಗಳಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ರೈಫಲ್‌ಗಳ ಶಕ್ತಿ ಇದಕ್ಕಿಂತ ಬಹಳ ಕಡಿಮೆ. 10 ಮೀಟರ್ ದೂರಕ್ಕೆ ಅಧಿಕ ಶಕ್ತಿಯಿಂದ ಯಾವ ಪ್ರಯೋಜನವೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾದ ಪ್ರಾಣಿಪಕ್ಷಿಗಳನ್ನು ಏರ್ ರೈಫಲ್‌ನಿಂದ ಹೊಡೆಯುವುದೂ ಬೇಟೆಯೇ ಆಗಿದ್ದು, ಶಿಕ್ಷಾರ್ಹ ಅಪರಾಧವಾಗಿದೆ.

ಪೆಲೆಟ್ ಕಣ್ಣಿಗೆ ತಗುಲಿದರೆ ದೃಷ್ಟಿ ಶಾಶ್ವತವಾಗಿ ನಷ್ಟವಾಗಬಹುದು. ಆದ್ದರಿಂದ ನಳಿಗೆಯನ್ನು ಸದಾ ಗುರಿಯ ದಿಕ್ಕಿಗೇ ಇಡುವುದು, ಹೊಡೆಯುವ ಕ್ಷಣದವರೆಗೆ ಬೆರಳನ್ನು ಟ್ರಿಗರ್‌ನಿಂದ ದೂರವಿಡುವುದು, ಗುರಿಯ ಹಿಂದೆ ಪೆಲೆಟ್ ತಡೆಯುವ ಪೆಟ್ಟಿಗೆ ಇಡುವುದು ಮನೆಯ ಅಭ್ಯಾಸಕ್ಕೂ ಅನ್ವಯಿಸುವ ನಿಯಮಗಳು.

ಆಯ್ಕೆಯ ಕ್ರಮ

ಮರಳಿ ಆರಂಭಿಸುವವರು ಮೊದಲು ಕ್ಲಬ್ಬಿನ ರೈಫಲ್‌ಗಳಲ್ಲಿ ಕೆಲವು ವಾರ ಅಭ್ಯಾಸ ಮಾಡಿ, ಕಣ್ಣು ಮತ್ತು ಬೆನ್ನಿನ ಸ್ಥಿತಿಯನ್ನು ಅರಿತು, ಅನಂತರ ಖರೀದಿಗೆ ತೊಡಗುವುದು ಯುಕ್ತ. ಮನರಂಜನೆಗಷ್ಟೇ ಆದರೆ ಸ್ಪ್ರಿಂಗ್ ರೈಫಲ್ ಸಾಕು. ಸ್ಪರ್ಧೆಯ ಉದ್ದೇಶವಿದ್ದರೆ ಸಿಲಿಂಡರ್‌ನ ಅವಧಿ ಉಳಿದಿರುವ, ಬಿಡಿಭಾಗಗಳು ದೊರೆಯುವ ಬಳಸಿದ ಪಿಸಿಪಿ ರೈಫಲ್ ಮಿತವ್ಯಯದ ಮಾರ್ಗ.