ಕಕ್ಕೆಯಲ್ಲದ ಹಳದಿ

ಮುಂಗಾರು ಹಿಂದೆ ಸರಿದ ಅಕ್ಟೋಬರಿನ ಬೆಳಗು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೊರಟ ಬಸ್ಸು ಬಂಡೀಪುರದ ಕಾಡು ಹೊಕ್ಕಿದೆ. ಎಡಬಲಕ್ಕೆ ತೇಗ, ಮತ್ತಿ, ದಿಂಡಿಗ. ಮೂಲೆಹೊಳೆ ದಾಟಿ ಕೇರಳದ ಮುತ್ತಂಗ ಹತ್ತಿರವಾಗುತ್ತಿದ್ದಂತೆ ಹಸಿರಿನ ನಡುವೆ ಹಳದಿ ಹೊಳೆಯುತ್ತದೆ. ಮೊದಲು ಒಂಟಿ ಮರ, ಆಮೇಲೆ ಮೂರು ನಾಲ್ಕು, ಮುಂದೆ ತೋಪಿಗೆ ತೋಪೇ. ಕಿಟಕಿಗಳಲ್ಲಿ ಮೊಬೈಲುಗಳು ಏಳುತ್ತವೆ. ‘ಕಕ್ಕೆ ಎಷ್ಟು ಚೆನ್ನಾಗಿ ಬಿಟ್ಟಿದೆ ನೋಡಿ’ ಎನ್ನುತ್ತಾರೆ ಯಾರೋ.

ಅದು ಕಕ್ಕೆಯಲ್ಲ. ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕದ ಉಷ್ಣವಲಯದ ಮರ. ಗಡಿಯಾಚೆ ಇದನ್ನು ಮಂಜಕೊನ್ನ ಎನ್ನುತ್ತಾರೆ. 1980ರ ದಶಕದಲ್ಲಿ ವಯನಾಡಿನಲ್ಲಿ ಸಾಮಾಜಿಕ ಅರಣ್ಯ ಯೋಜನೆಯಡಿ ನೆರಳಿಗೆ, ಅಂದಕ್ಕೆಂದು ನೆಟ್ಟ ಸಸಿಗಳು ಕಾಡಿನೊಳಗೆ ನುಗ್ಗಿದವು. ಈಗ ವಯನಾಡು, ಮುದುಮಲೆ, ಬಂಡೀಪುರ ಮೂರೂ ಕಡೆ ಅದರ ಬೇರಿದೆ. ಬೀಜಕ್ಕೆ ರಾಜ್ಯಗಳ ಗಡಿ ಗೊತ್ತಿಲ್ಲ.

ಕಣ್ಣನ್ನು ಹೂವಿನಿಂದ ಬುಡಕ್ಕೆ ಇಳಿಸಿದರೆ ನಿಜ ತಿಳಿಯುತ್ತದೆ. ದಟ್ಟ ನೆರಳಿನಡಿ ಹುಲ್ಲು ಬಡಕಲು. ನೆಲ್ಲಿಯ, ಹೊನ್ನೆಯ ಮರಿಸಸಿಗಳಿಲ್ಲ. ಇರುವುದು ಉದುರಿದ ಎಲೆ, ಅದರ ನಡುವೆ ಒತ್ತಾಗಿ ಎದ್ದ ಸೆನ್ನಾದ್ದೇ ಸಸಿಗಳು. ಜಿಂಕೆ, ಕಾಟಿ, ಆನೆಗಳಿಗೆ ಈ ಸೊಪ್ಪು ಮೇವಲ್ಲ. ಹಸಿರಾಗಿಯೇ ಕಾಣುವ ಈ ಕಾಡಿನಲ್ಲಿ ಪ್ರಾಣಿ ಹಸಿದಿರುತ್ತದೆ.

ಕಡಿದುಬಿಡೋಣ ಎಂದರೆ ಅದೂ ಸುಲಭವಲ್ಲ. ಕೊಡಲಿ ಬಿದ್ದ ಮೋಟಿನಿಂದ ಕಬ್ಬಿನ ಕೂಳೆಯಂತೆ ಹತ್ತಾರು ಚಿಗುರು ಏಳುತ್ತವೆ. ಅದಕ್ಕೇ ದೊಡ್ಡ ಮರಗಳ ಕಾಂಡದ ತೊಗಟೆಯನ್ನು ಬುಡದವರೆಗೂ ಸುಲಿದು, ನಿಂತಲ್ಲೇ ಒಣಗಿಸುವ ವಿಧಾನವನ್ನು ಬಳಸುತ್ತಾರೆ. ಮತ್ತೆ ಚಿಗುರದಂತೆ ತಿಂಗಳುಗಟ್ಟಲೆ ಕಾಯಬೇಕು, ಸಸಿಗಳನ್ನು ಬೇರುಸಹಿತ ಕೀಳಬೇಕು, ಬಳಿಕ ಅಲ್ಲಿ ಹುಲ್ಲು ಮತ್ತು ನಾಡಮರಗಳನ್ನು ಬೆಳೆಸಬೇಕು. ಇದು ವರ್ಷಗಳ ದುಡಿಮೆ. ಅದೇ ಸಸಿ ಮೊಣಕಾಲೆತ್ತರ ಇದ್ದಾಗ ಕೀಳಲು ಇಬ್ಬರು ಸಾಕು. ಹಾಗಾಗಿ ಮೊದಲು ಕಂಡವರು ಹೇಳುವ ಮಾತಿಗೆ ಇಷ್ಟು ಬೆಲೆ.

ಹೇಳುವ ಮುನ್ನ ಗುರುತು ಗಟ್ಟಿಯಿರಲಿ. ಕಕ್ಕೆ ಅರಳುವುದು ಬೇಸಿಗೆಯಲ್ಲಿ, ಗೊಂಚಲು ಕೆಳಕ್ಕೆ ಜೋಲುತ್ತದೆ. ಸೆನ್ನಾ ಮಳೆ ಕಳೆದ ಮೇಲೆ ಅರಳುತ್ತದೆ, ಕೊಂಬೆಯ ತುದಿಯಲ್ಲಿ ಗೊಂಚಲು ಮೇಲಕ್ಕೆ ನಿಲ್ಲುತ್ತದೆ. ಕಕ್ಕೆಯ ಎಲೆಕಡ್ಡಿಯಲ್ಲಿ 3ರಿಂದ 8 ಜೊತೆ ಅಗಲ ಕಿರುಎಲೆಗಳು. ಸೆನ್ನಾದಲ್ಲಿ ಸಾಮಾನ್ಯವಾಗಿ 8ರಿಂದ 15 ಜೊತೆ, ಕಿರಿದು, ತುದಿ ಚೂಪು. ಕಕ್ಕೆಯ ಕಾಯಿ ಕಪ್ಪುಗಂದು ಕೋಲು, ಮೊಳದುದ್ದಕ್ಕೂ ಬೆಳೆದೀತು. ಸೆನ್ನಾದ ಕಾಯಿಯೂ ದುಂಡಗೇ, ಆದರೆ ತೆಳು, ಗೇಣಿನ ಆಸುಪಾಸು. ರಸ್ತೆಬದಿಯ ಸೀಮೆತಂಗಡಿಯೂ ಹಳದಿ ಗೊಂಚಲನ್ನು ಎತ್ತಿ ಹಿಡಿಯುತ್ತದೆ, ಆದರೆ ಅದರ ಕಾಯಿ ಚಪ್ಪಟೆ, ಕಿರುಎಲೆಯ ತುದಿ ಮೊಂಡು. ಹೂವೊಂದನ್ನೇ ನಂಬಿದರೆ ನಮ್ಮದೇ ಕಕ್ಕೆಯ ಮೇಲೆ ದೂರು ಹೋದೀತು.

ಊರಂಚಿನಲ್ಲೋ ತೋಟದ ಬೇಲಿಯಲ್ಲೋ ಅನುಮಾನದ ಮರ ಕಂಡರೆ ಫೋನಿನ ಲೊಕೇಶನ್ ಆನ್ ಮಾಡಿ ಫೋಟೋ ತೆಗೆಯಿರಿ: ಇಡೀ ಮರ, ಗೊಂಚಲು, ಒಂದು ಪೂರ್ತಿ ಎಲೆ, ಕಾಯಿ, ಬುಡದ ಸಸಿಗಳು. ದಿನಾಂಕ, ಊರು, ಸುಮಾರು ಎಷ್ಟು ಮರ ಎಂಬುದನ್ನು ಬರೆದು ವಲಯ ಅರಣ್ಯ ಕಚೇರಿಗೆ ತಲುಪಿಸಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ರಚನೆಯಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿ ಪಂಚಾಯಿತಿಯಲ್ಲಿದೆ, ಅಲ್ಲಿಗೂ ತಿಳಿಸಿ. ಗುರುತು ಖಚಿತವಿಲ್ಲದಿದ್ದರೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ, ಐನ್ಯಾಚುರಲಿಸ್ಟ್‌ಗೆ ಚಿತ್ರ ಹಾಕಿದರೆ ಬಲ್ಲವರು ಪರಿಶೀಲಿಸುತ್ತಾರೆ. ಹುಲಿ ಸಂರಕ್ಷಿತ ಪ್ರದೇಶದ ರಸ್ತೆಯಲ್ಲಿ ಮಾತ್ರ ಗಾಡಿ ನಿಲ್ಲಿಸಬೇಡಿ. ಜಾಗ ನೆನಪಿಟ್ಟು ಚೆಕ್‌ಪೋಸ್ಟಿನಲ್ಲಿ ಹೇಳಿ. ಕಾಡಿನ ಮರಕ್ಕೆ ನೀವೇ ಕತ್ತಿ ಹಾಕಬೇಡಿ.

ಕಾಡಂಚಿನ ಜನ ಹಸು ಮೇಯಿಸುತ್ತಾ, ಹೊಲ ಕಾಯುತ್ತಾ ದಿನವೂ ಈ ಮರಗಳ ಮುಂದೆ ಓಡಾಡುತ್ತಾರೆ. ಹೊಸ ಗಿಡ ಅವರ ಕಣ್ಣಿಗೇ ಮೊದಲು ಬೀಳುವುದು. ಅವರ ಮಾತನ್ನು ಕಚೇರಿ ಬರೆದುಕೊಂಡು, ಮರುವಾರವೇ ಒಬ್ಬ ವಾಚರ್ ಅಲ್ಲಿಗೆ ಹೋಗಿ ನೋಡುವಂತಾದರೆ, ಸೆನ್ನಾ ಇನ್ನೂ ಕಾಲಿಡದ ಕಾಡುಗಳನ್ನಾದರೂ ಉಳಿಸಿಕೊಳ್ಳಬಹುದು.